ಮೇಲಿನ ಹಲ್ಲು ತಾಯಿಯದು, ಕೆಳಗಿನದು ಅತ್ತೆಯದು

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ತಾಲೂಕು ಜಾಲಾಡಿದರೂ ನನ್ನಂಥ ಹೆಂಗಸು ಇನ್ನೊಬ್ಬಳು ನಿಮಗೆ ಸಿಗುವುದಿಲ್ಲ. ಒಬ್ಬ ಗಂಡಸಿಗೆ ತಾಯಿ ನಾನೇ, ಅಕ್ಕ ನಾನೇ, ಅತ್ತೆಯೂ ನಾನೇ. ಇದರಲ್ಲಿ ಅರ್ಧ ಸುಳ್ಳು. ನಮ್ಮ ಮಸಗುಪ್ಪಿಯ ಓಣಿಯಲ್ಲೇ ಇಂಥವರು ಇನ್ನೂ ನಾಲ್ಕಾರು ಮಂದಿ ಇದ್ದಾರೆ, ಕೂಗಿದರೆ ಸೊಂಟ ಹಿಡಿದುಕೊಂಡು ಹೊರಗೆ ಬರುತ್ತಾರೆ. ಆದರೆ ಮೂರು ಸಂಬಂಧಕ್ಕೆ ಮೂರು ಕಾರ್ಡು ಮಾಡಿಸಿ, ಒಂದರಲ್ಲಿ ಮೇಲಿನ ಹಲ್ಲು, ಇನ್ನೊಂದರಲ್ಲಿ ಕೆಳಗಿನ ಹಲ್ಲು, ಮತ್ತೊಂದರಲ್ಲಿ ಕಣ್ಣಿನ ಚಾಳೀಸು ಬರೆಸಿಕೊಂಡವಳು ಮಾತ್ರ ನಾನೊಬ್ಬಳೇ. ಈ ಅರ್ಧ ಖರೆ. ಈ ಖರೆ ಅರ್ಧದಿಂದಲೇ ನಮ್ಮ ಮಲ್ಲೇಶನ ನೌಕರಿ ಹೋಗುವುದರಲ್ಲಿತ್ತು.

ಮಲ್ಲೇಶ ನನ್ನ ತಮ್ಮ. ಅವನು ಹುಟ್ಟಿದ ವರ್ಷವೇ ನಮ್ಮವ್ವ ತೀರಿಕೊಂಡಳು. ನಾನು ಆಗಲೇ ಗಂಡನ ಮನೆ ಸೇರಿದ್ದೆ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು, ಆಡಿನ ಹಾಲು ಹಾಕಿ ಬೆಳೆಸಿದೆ. ಅದಕ್ಕೇ ಅವನಿಗೆ ಇವತ್ತಿಗೂ ಒಂದು ಕಡೆ ನಿಂತು ಮೇಯುವುದು ಗೊತ್ತಿಲ್ಲ. ಮುಂದೆ ನನಗೆ ಶೋಭಾ ಹುಟ್ಟಿದಳು. ಅವಳ ತೊಟ್ಟಿಲು ತೂಗಿದವನು ಮಲ್ಲೇಶ. ದೊಡ್ಡವಳಾದ ಮೇಲೆ ತೂಗಿದವನಿಗೇ ಕೊಟ್ಟೆ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸ ಮಾತಲ್ಲ. ಅಳಿಯನನ್ನು ಹುಡುಕುವ ಖರ್ಚು ಉಳಿಯಿತು, ಅವನ ಗುಣ ಕೇಳುವ ಕೆಲಸವೂ ಉಳಿಯಿತು. ಗುಣ ಏನಿದೆ ಎಂದು ನನಗೆ ಗೊತ್ತಿತ್ತಲ್ಲ. ಘಟಪ್ರಭಾದಲ್ಲಿ ಬೆಳಗಾವಿ ರೈಲು ಹತ್ತುತ್ತೇನೆ ಎಂದು ಹೋಗಿ ಮೀರಜದಲ್ಲಿ ಇಳಿದು, ಅಲ್ಲಿಂದ ಫೋನು ಮಾಡಿ, ಬೆಳಗಾವಿ ಭಾಳ ಬದಲಾಗಿದೆ ಅಕ್ಕಾ ಎಂದವನು ಅವನು.

ಇಂಥವನಿಗೆ ಹುಕ್ಕೇರಿ ದಾರಿಯಲ್ಲಿ ಆದ ಒಂದು ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು. ಪುಣೆಯವರ ಕಾರ್ಖಾನೆ. ಯಂತ್ರಕ್ಕೆ ಹಾಕುವ ಸಣ್ಣ ಸಣ್ಣ ಗಾಲಿ ಮಾಡುತ್ತಾರಂತೆ. ಗಾಲಿ ಎಷ್ಟು ಸಣ್ಣದೋ, ಮಲ್ಲೇಶನ ಡೌಲು ಅಷ್ಟು ದೊಡ್ಡದು. ಒಂದು ದಿನ ಕೊರಳಿಗೆ ಒಂದು ಕಾರ್ಡು ಜೋತುಹಾಕಿಕೊಂಡು ಬಂದ. ಬಸ್ಸಿನಿಂದ ಇಳಿದವನು ಸೀದಾ ಮನೆಗೆ ಬರಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಹಾಯ್ದು, ಕಟ್ಟೆಯ ಮುಂದೆ ಹಾಯ್ದು, ಓಣಿಯ ಎರಡೂ ತುದಿ ಮುಟ್ಟಿ ಬಂದ.

"ಅಕ್ಕಾ, ಇದೇನಂತ ಮಾಡೀ? ಪಗಾರ ಬಿಟ್ಟು ಮ್ಯಾಲಿನ ರೊಕ್ಕ ಇದು. ಬರೇ ಔಷಧಕ್ಕ, ಕಣ್ಣಿಗೆ, ಹಲ್ಲಿಗೆ. ಪಗಾರದಾಗ ಕೊಟ್ರ ಸರಕಾರ ತೆರಿಗಿ ಹಿಡೀತೈತಿ. ಇದಕ್ಕ ಸರಕಾರ ಕೈ ಹಚ್ಚಾಂಗಿಲ್ಲ."

"ನಿನ್ನ ಪಗಾರಕ್ಕ ಸರಕಾರ ಯಾವಾಗ ಕೈ ಹಚ್ಚಿತ್ತೋ?" ಎಂದೆ. "ನಿನ್ನ ಪಗಾರ ನೋಡಿದ್ರ ಸರಕಾರನ ನಾಕ ಕಾಸ ಕೊಟ್ಟ ಹೋಗತೈತಿ."

"ಹಂಗಲ್ಲಕ್ಕಾ, ಮಾರ್ಚ ಮುಗಿಯೋದರಾಗ ಖರ್ಚ ಮಾಡಬೇಕು. ಇಲ್ಲಂದ್ರ ರೊಕ್ಕ ಸತ್ತ ಹೋಗತೈತಿ."

ರೊಕ್ಕ ಸಾಯುತ್ತದೆ ಎಂದು ಅವನಿಗೆ ಯಾರು ಹೇಳಿದರೋ, ಆ ಮಾತು ಅವನ ಎದೆಯಲ್ಲಿ ಕೂತಿತು. ಆ ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ನೆಗಡಿ ಸುದ್ಧಾ ಇಲ್ಲ. ಮಾರ್ಚ್ ಬಂದ ಕೂಡಲೇ ಮಲ್ಲೇಶ ಬೆಳಿಗ್ಗೆ ಎದ್ದು ಎಲ್ಲರ ಮುಖ ನೋಡುತ್ತ ಕೂಡುವುದಕ್ಕೆ ಶುರು ಮಾಡಿದ. ಶೋಭಾ ಒಮ್ಮೆ ಕೆಮ್ಮಿದರೆ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿದ್ದ. ಒಗ್ಗರಣೆಯ ಘಾಟು ಎಂದು ತಿಳಿದಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಕಡೆಯ ದಿನ ಸಂಜೆ ಹೆಗಲ ಮೇಲಿನ ವಲ್ಲಿಯನ್ನು ತಲೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತ.

ಎದುರು ಮನೆಯ ಸೀತವ್ವ ಗಾಬರಿಯಾಗಿ ಬಂದಳು. "ಯಾರಿಗೆ ಏನಾತೋ ಮಲ್ಲೇಶಾ?"

"ಯಾರಿಗೂ ಏನೂ ಆಗಲಿಲ್ಲ ಕಾಕೂ," ಎಂದು ಮಲ್ಲೇಶ ಕಣ್ಣು ಒರೆಸಿಕೊಂಡ.

ಸೀತವ್ವ ಸೆರಗು ಬಾಯಿಗೆ ಹಚ್ಚಿ ಪಕ್ಕದಲ್ಲೇ ಕೂತಳು. ಅವಳನ್ನು ನೋಡಿ ಇನ್ನೂ ನಾಲ್ಕು ಮಂದಿ ಬಂದು ಕೂತರು. ಸತ್ತವರು ಯಾರು ಎಂದು ಅರ್ಧ ತಾಸಿನ ತನಕ ಯಾರೂ ಕೇಳಲಿಲ್ಲ. ನಮ್ಮ ಊರಿನ ಮರ್ಯಾದೆ ಹಾಗೆ, ಮೊದಲು ಅಳುವುದು, ಆಮೇಲೆ ವಿಚಾರಿಸುವುದು.

ಮರುವರ್ಷ ಮಲ್ಲೇಶ ಪಣ ತೊಟ್ಟ. ಒಂದು ಕಾಸೂ ಸಾಯಬಾರದು. ಕಾರ್ಖಾನೆಯ ಕಂಪ್ಯೂಟರ್ ಮುಂದೆ ಕೂತ. ನಿಮ್ಮ ಆಸರೆಯಲ್ಲಿ ಇರುವವರು ಯಾರು ಎಂದು ಕಂಪ್ಯೂಟರ್ ಕೇಳಿತು. ತಾಯಿ ಇದ್ದಾರೆಯೇ? ಸಾಕಿದವಳು ತಾಯಿಯಲ್ಲದೆ ಇನ್ನಾರು, ಇದ್ದಾಳೆ ಎಂದು ನನ್ನ ಹೆಸರು ಬರೆದ, ಗೌರವ್ವ. ಅತ್ತೆ ಇದ್ದಾರೆಯೇ? ಇದ್ದಾಳೆ, ಗೌರವ್ವ. ಗಂಡ ತೀರಿಹೋದ ಅಕ್ಕ ಯಾರಾದರೂ ಮನೆಯಲ್ಲಿ ಇದ್ದಾರೆಯೇ? ಇದ್ದಾಳೆ, ಗೌರವ್ವ. ಮೂರು ಕಡೆ ನನ್ನ ಫೋಟೋ ಹಚ್ಚಿದ. ಒಂದರಲ್ಲಿ ತಲೆಯ ಮೇಲೆ ಸೆರಗು, ಒಂದರಲ್ಲಿ ಇಲ್ಲ, ಒಂದರಲ್ಲಿ ಕಣ್ಣು ಮುಚ್ಚಿದ್ದೇನೆ, ಮೂರರಲ್ಲೂ ಮುಖಕ್ಕಿಂತ ಕತ್ತಲೆಯೇ ಹೆಚ್ಚು. ಮೂವರೂ ಒಬ್ಬಳೇ ಏನು ಎಂದು ಕಂಪ್ಯೂಟರ್ ಕೇಳಲಿಲ್ಲ. ಕೇಳದ್ದನ್ನು ಹೇಳುವ ಚಾಳಿ ನಮ್ಮ ಮಲ್ಲೇಶನಿಗೆ ಇಲ್ಲ.

ಮೂರು ಕಾರ್ಡು ಬಂದವು. ಅವುಗಳನ್ನು ದೇವರ ಜಗುಲಿಯ ಮೇಲೆ ಇಟ್ಟು, ವಿಭೂತಿ ಹಚ್ಚಿ, ನನ್ನನ್ನು ಕರೆದ.

"ಅಕ್ಕಾ, ನಿನಗೇನೇನ ಆಗೈತಿ ಹೇಳ."

"ವಯಸ್ಸಾಗೈತಿ."

"ಅದಕ್ಕ ಕೊಡಾಂಗಿಲ್ಲ. ಹಲ್ಲ ಬೇಕೇನ?"

ಬೇಕಿತ್ತು. ನನ್ನ ಬಾಯಲ್ಲಿ ಹಲ್ಲೆಂಬುದು ಉಳಿದಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದೆ. ಜಗಳಕ್ಕೆ ನಿಂತರೆ ಅರ್ಧ ಬೈಗುಳ ಗಾಳಿಯಾಗಿ ಹೋಗುತ್ತಿತ್ತು, ಸೀತವ್ವ ಅದನ್ನೇ ಹಿಡಿದು ನಗುತ್ತಿದ್ದಳು. ಆದರೆ ಹಲ್ಲಿಗೆ ಒಂದು ಕಾರ್ಡು ಸಾಲುವುದಿಲ್ಲ ಎಂದು ತಿಳಿಯಿತು. ಅರ್ಧ ಬಾಯಿಗಷ್ಟೇ ಸಾಕಾಗುತ್ತಿತ್ತು. ಮಲ್ಲೇಶನ ತಲೆ ಜನ್ಮದಲ್ಲಿ ಒಮ್ಮೆ ಓಡಿದ್ದು ಆವಾಗ.

ಗೋಕಾಕದಲ್ಲಿ ಸುರಯ್ಯಾ ಎಂಬ ಹಲ್ಲಿನ ಡಾಕ್ಟರು, ಸಣ್ಣ ವಯಸ್ಸಿನ ಹುಡುಗಿ, ನನ್ನನ್ನು ಓರೆ ಕುರ್ಚಿಯಲ್ಲಿ ಮಲಗಿಸಿ ಬಾಯಿ ನೋಡಿದಳು.

"ಎರಡೂ ಕೂಡೇ ಮಾಡಿದ್ರ ಚಲೋ ಕೂಡ್ತಾವ ಅಜ್ಜಿ," ಎಂದಳು.

"ಹಂಗ ಆಗಾಂಗಿಲ್ರಿ ಡಾಕ್ಟರ," ಎಂದ ಮಲ್ಲೇಶ. "ಮ್ಯಾಲಿನೂ ನಮ್ಮ ತಾಯಿಗೆ. ಕೆಳಗಿನೂ ನಮ್ಮ ಅತ್ತಿಗೆ. ಬಿಲ್ಲ ಬ್ಯಾರೆ ಬ್ಯಾರೆ ಬೇಕ್ರಿ."

"ಹಂಗಾರ ನಿಮ್ಮ ಅತ್ತೀನ್ನೂ ಕರಕೊಂಡ ಬರ್ರಿ."

"ಇಲ್ಲೇ ಮಲಗ್ಯಾಳಲ್ರಿ."

ಡಾಕ್ಟರು ನನ್ನನ್ನು ನೋಡಿದಳು, ಕುರ್ಚಿಯ ಕೆಳಗೂ ಒಮ್ಮೆ ನೋಡಿದಳು. ನನ್ನ ಬಾಯಲ್ಲಿ ಅಳತೆಯ ಮೇಣ ಇತ್ತು, ಏನೂ ಹೇಳಲಾಗಲಿಲ್ಲ. ಹೇಳುವಂತಿದ್ದರೂ ಹೇಳುತ್ತಿರಲಿಲ್ಲ. ಅವಳು ಎರಡೂ ಬಿಲ್ಲಿನಲ್ಲಿ ಗೌರವ್ವ ಎಂದು ಬರೆದಳು. ಅದು ಖರೆಯೇ ತಾನೆ. ಮೊದಲು ಮೇಲಿನ ಸಾಲು ಬಂತು. ಕೆಳಗಿನದು ಮಾಡಲು ಕೊಟ್ಟಿದ್ದರು. ಚಾಳೀಸು ಅಕ್ಕನ ಕಾರ್ಡಿನಲ್ಲಿ ಆಯಿತು. ಮೂಗಿನ ಮೇಲೆ ಅಕ್ಕ, ಅದರ ಕೆಳಗೆ ತಾಯಿ, ಗದ್ದದ ಹತ್ತಿರ ಅತ್ತೆ ಬರುವುದು ಬಾಕಿ. ಹೀಗೆ ನಾನು ಓಣಿಯಲ್ಲಿ ತಿರುಗಾಡುತ್ತಿದ್ದಾಗ ಪುಣೆಯಿಂದ ಫೋನು ಬಂತು.

ಫೋನು ಮಾಡಿದವರು ರಾಜಪ್ಪ ಸಾಹೇಬರು. ನೌಕರರ ಸವಲತ್ತು ನೋಡಿಕೊಳ್ಳುವ ಅಧಿಕಾರಿ. ಊರು ಹುಕ್ಕೇರಿ ಕಡೆಯದೇ, ಕೂಡುವುದು ಪುಣೆಯ ದೊಡ್ಡ ಆಫೀಸಿನಲ್ಲಿ. ಮಲ್ಲೇಶ ಫೋನಿನ ಧ್ವನಿ ದೊಡ್ಡದು ಮಾಡಿ ನೆಲದ ಮೇಲೆ ಇಟ್ಟು, ಅದರ ಮುಂದೆ ಕೈಕಟ್ಟಿಕೊಂಡು ನಿಂತ.

"ನಿಮ್ಮ ಮನಿಯಾಗ ಮೂರು ಮಂದಿ ಹಿರೇರ ಅದಾರೇನ್ರಿ?"

"ಹೌದ್ರಿ."

"ಮೂರೂ ಮಂದಿ ಹೆಸರ ಗೌರವ್ವನ? ನಿಮ್ಮೂರಾಗ ಹೆಣ್ಣಮಕ್ಕಳಿಗೆ ಬ್ಯಾರೆ ಹೆಸರ ಇಲ್ಲೇನ್ರಿ?"

"ಹೌದ್ರಿ."

"ತಾಯಿಗೆ ಬರೇ ಮ್ಯಾಲಿನ ಹಲ್ಲು ಹಾಕಿಸೀರಿ. ಅತ್ತಿಗೆ ಬರೇ ಕೆಳಗಿನೂ. ಇಬ್ಬರೂ ಒಂದ ರೊಟ್ಟಿಗೆ ಆ ಕಡಿಂದೊಬ್ರು ಈ ಕಡಿಂದೊಬ್ರು ಕೂಡಿ ಕಡೀತಾರೇನ್ರಿ?"

"ಹೌದ್ರಿ," ಎಂದ ನನ್ನ ತಮ್ಮ.

ಸಾಹೇಬರು ಆ ಕಡೆ ಕಾಗದ ತಿರುವಿದ ಸಪ್ಪಳ ಕೇಳಿಸಿತು. ಆಮೇಲೆ, "ಸೋಮವಾರ ನಾನ ಬರ್ತೀನಿ. ಮೂರೂ ಮಂದೀನ್ನ ನನ್ನ ಮುಂದ ಕುಂದರಸ್ರಿ. ಒಬ್ಬರ ಕಮ್ಮಿ ಆದ್ರೂ ಕಂಪನೀಗೆ ಮೋಸ ಮಾಡಿದಂಗ. ನೌಕರಿ ಉಳಿಯಾಂಗಿಲ್ಲ," ಎಂದು ಇಟ್ಟರು.

ಮಲ್ಲೇಶ ಕಟ್ಟಿದ ಕೈ ಬಿಡದೆ ಫೋನಿನ ಮುಂದೆ ಹಾಗೇ ಕೂತ. ನೌಕರಿ ಹೋದರೆ ಮನೆ ನಡೆಯುವುದು ಹೇಗೆ ಎಂದು ಶೋಭಾಳ ಮುಖವೂ ಬಾಡಿತು. ನಾನು ಸೀದಾ ಹೇಳಿದೆ, "ಇದ್ದದ್ದ ಹೇಳ. ಮೂರೂ ಈಕೀನ ಅನ್ನು."

"ಇನ್ನ ಹ್ಯಾಂಗ ಹೇಳ್ಲಿ ಅಕ್ಕಾ? ಸಾಹೇಬನ ಮುಂದ ಹೌದ್ರಿ ಅಂದ ಬಿಟ್ಟೀನಿ. ಮೂರು ಸಲ ಅಂದೀನಿ."

"ಒಬ್ಬಾಕೀನ ಮೂರು ಮಂದಿ ಹ್ಯಾಂಗ ಆಗಲೋ?"

"ನೀ ಒಬ್ಬಾಕಿ ಆಗ. ಉಳಿದ ಇಬ್ಬರನ್ನ ನಾ ತರ್ತೀನಿ," ಎಂದವನೇ ಚಪ್ಪಲಿ ಬಿಟ್ಟು ಹೊರಗೆ ಓಡಿದ.

ತಂದವರು ಯಾರು ಗೊತ್ತೇನು? ಒಬ್ಬಳು ಸೀತವ್ವ. ಇನ್ನೊಬ್ಬಳು ಹಿತ್ತಲ ಕಡೆಯ ಮನೆಯ ಮೈಮುನಾಬಿ. ಅವಳ ಮೊಮ್ಮಗ ರಮೀಜನಿಗೆ ಮಲ್ಲೇಶನೇ ಸೈಕಲ್ ಕಲಿಸಿದವನು, ಆ ಋಣಕ್ಕೆ ಬಂದಳು. ಸೀತವ್ವ ಋಣಕ್ಕೆ ಬಂದವಳಲ್ಲ, ನೋಡಲು ಬಂದವಳು.

"ನಾ ಅತ್ತಿ ಆಗ್ತೀನಿ," ಎಂದಳು ಸೀತವ್ವ ಮೊದಲೇ. "ಇಷ್ಟ ವರ್ಷ ಇವಂಗ ಬೈಬೇಕಂತ ಆಸೆ ಐತಿ. ಅತ್ತಿ ಆದ್ರ ಹಕ್ಕಲೇ ಬೈಬಹುದು."

"ಹಂಗಾರ ನಾ ಅವ್ವ," ಎಂದಳು ಮೈಮುನಾಬಿ. "ಪ್ರತೀ ರಮಜಾನ ಹಬ್ಬಕ್ಕ ನಮ್ಮ ಮನಿ ಸುರಕುಂಬಾ ಕುಡದ ಬೆಳದಾನ. ಸುಳ್ಳ ಹೇಳಿದಂಗೂ ಆಗಾಂಗಿಲ್ಲ. ಆದ್ರ ಒಂದ ಮಾತ, ಹಣೀಗೆ ಏನೂ ಹಚ್ಚಾಂಗಿಲ್ಲ."

"ಬ್ಯಾಡ ಬಿಡ ಮೈಮುನಾ," ಎಂದೆ. "ಸೆರಗ ಮುಂದ ಎಳಕೋ. ಸಾಹೇಬ ನಿನ್ನ ಹಣಿ ನೋಡಾಕ ಬರಾಕತ್ತಿಲ್ಲ, ಬಾಯಿ ನೋಡಾಕ ಬರಾಕತ್ತಾನ."

ಬಾಯಿ ಎಂದ ಕೂಡಲೇ ಒಬ್ಬರ ಬಾಯಿ ಒಬ್ಬರು ನೋಡಿಕೊಂಡೆವು. ಯಾಕೆಂದರೆ ಲೆಕ್ಕ ಕೂಡುತ್ತಿರಲಿಲ್ಲ. ತಾಯಿಯ ಬಾಯಲ್ಲಿ ಕಟ್ಟಿಸಿದ ಮೇಲಿನ ಹಲ್ಲು ಇರಬೇಕು. ಮೈಮುನಾಬಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಅತ್ತೆಗೆ ಕೆಳಗಿನ ಹಲ್ಲು ಇನ್ನೂ ಬರಬೇಕು. ಸೀತವ್ವನಿಗೆ ಮೇಲೂ ಇವೆ, ಕೆಳಗೂ ಇವೆ. ಅಡಿಕೆ ಕಡಿದು ಮೊಮ್ಮಕ್ಕಳಿಗೆ ಆಟ ತೋರಿಸುವ ಹಲ್ಲು. ಅಕ್ಕನಿಗೆ ಚಾಳೀಸು ಮಾತ್ರ, ಹಲ್ಲು ಇರಬಾರದು. ಅಕ್ಕನಾಗಿ ಕೂಡುವವಳು ನಾನು, ಕಟ್ಟಿಸಿದ ಹಲ್ಲು ಇರುವುದೂ ನನಗೇ.

ಮಲ್ಲೇಶ ಬಹಳ ಯೋಚಿಸಿ ಸೀತವ್ವನ ಕಡೆ ನೋಡಿದ. "ಕಾಕೂ, ಒಂದಿಷ್ಟ ಕೀಳಿಸಾಕ ಬರತೈತೇನ?"

"ನಿನ್ನ ನಾಲಿಗಿ ಕೀಳಸ್ತೀನಿ ನೋಡ. ನನ್ನ ಹಲ್ಲ ನನ್ನ ಅಪ್ಪ ಅವ್ವ ಕೊಟ್ಟಾರ. ಯಾವ ಕಂಪನಿದೂ ಅಲ್ಲ."

"ಹಂಗಾರ ಮೂರೂ ಮಂದಿ ಬಾಯಿ ಮುಚಗೊಂಡ ಕುಂದರ್ರಿ. ಏನ ಕೇಳಿದ್ರೂ ಗೋಣ ಹಾಕ್ರಿ."

ಮೂವರು ಮುದುಕಿಯರು ಒಂದೇ ಚಾಪೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂಡಬೇಕು ಎನ್ನುವುದು ಮಲ್ಲೇಶನ ಉಪಾಯ. ಆ ಉಪಾಯ ಅಲ್ಲೇ ಪ್ರಾಣ ಬಿಟ್ಟಿತ್ತು. ಪಾಪ, ಅವನಿಗೆ ಗೊತ್ತಾಗಲಿಲ್ಲ.

ಸೋಮವಾರ ರಾಜಪ್ಪ ಸಾಹೇಬರು ಬಂದರು. ಬಿಳಿ ಅಂಗಿ, ಕೈಯಲ್ಲಿ ಸಾಲಿ ಮಕ್ಕಳ ಪಾಟಿಯಷ್ಟು ದೊಡ್ಡ ಫೋನು. ಹಿಂದೆ ಅರ್ಧ ಊರು. ಅವರ ಕಾರು ನಮ್ಮ ಬಾಗಿಲಿಗೆ ನಿಂತದ್ದನ್ನು ನೋಡಿ ಯಾರೋ ಮಲ್ಲೇಶನಿಗೆ ಬಡ್ತಿ ಸಿಕ್ಕಿತು ಎಂದರಂತೆ, ಇನ್ನಾರೋ ಪೊಲೀಸರು ಬಂದರು ಎಂದರಂತೆ. ಎರಡಕ್ಕೂ ಜನ ಸಮನಾಗಿ ಕೂಡಿದ್ದರು. ಕಿಟಕಿಯಲ್ಲಿ ತಲೆ ಹಾಕಿದವರಿಂದ ಮನೆಯೊಳಗೆ ಕತ್ತಲಾಯಿತು.

ನಾವು ಮೂವರೂ ಗೋಡೆಗೆ ಒರಗಿ ಕೂತಿದ್ದೆವು. ಸಾಹೇಬರು ಮೊದಲು ಮೈಮುನಾಬಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಅಜ್ಜಿ, ನಿಮ್ಮ ಹೆಸರೇನ್ರಿ?"

ಮೈಮುನಾಬಿ ಗೋಣು ಹಾಕಿದಳು.

"ಹೆಸರ ಕೇಳಿದೆ ಅಜ್ಜಿ."

ಮತ್ತೆ ಗೋಣು. ಮಲ್ಲೇಶ ನಡುವೆ ಬಂದು, "ಗೌರವ್ವ ಅಂತ್ರಿ ಸಾಹೇಬ್ರ. ನಮ್ಮವ್ವ. ಸ್ವಲ್ಪ ಮಾತ ಕಮ್ಮಿ," ಎಂದ. ಕಿಟಕಿಯ ಹೊರಗೆ ಯಾರೋ ಮೈಮುನಾಬಿಗೆ ಮಾತು ಕಮ್ಮಿ ಎಂಬುದನ್ನು ಕೇಳಿ ತಡೆಯಲಾರದೆ ನಕ್ಕರು. ಮೈಮುನಾಬಿಗೆ ಸಿಟ್ಟು ಬಂತು. ಆದರೂ ತುಟಿ ಬಿಗಿ ಹಿಡಿದಳು. ಅವಳ ಋಣ ಅಲ್ಲಿಗೆ ತೀರಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅಷ್ಟರಲ್ಲಿ ಶೋಭಾ ಕರದಂಟಿನ ತಟ್ಟೆ ತಂದಳು. ಮನೆಗೆ ಬಂದವರಿಗೆ ತಿನ್ನಲು ಕೊಡದೆ ಮಾತು ಶುರು ಮಾಡುವುದು ಅವಳಿಗೆ ಗೊತ್ತಿಲ್ಲ. ಗೋಕಾಕದ ಕರದಂಟು, ಗೋಡಂಬಿ, ಅಂಟು, ಬೆಲ್ಲ. ಹಲ್ಲಿದ್ದವರಿಗೆ ಸ್ವರ್ಗ, ಇಲ್ಲದವರಿಗೆ ಪರೀಕ್ಷೆ. ಸಾಹೇಬರು ದೊಡ್ಡವರ ಮನೆಯ ಸಂಸ್ಕಾರ ಇದ್ದವರು.

"ಮೊದಲ ಹಿರೇರಿಗೆ ಕೊಡ್ರಿ," ಎಂದರು.

ತಟ್ಟೆ ಸೀತವ್ವನ ಮುಂದೆ ಬಂತು. ಸೀತವ್ವನ ಜೀವನದಲ್ಲಿ ಕರದಂಟು ಮುಂದೆ ಬಂದು ಹಿಂದೆ ಹೋದದ್ದಿಲ್ಲ. ದೊಡ್ಡ ತುಂಡು ಎತ್ತಿ ಕಡಿದಳು. ಗೋಡಂಬಿ ಒಡೆದ ಸಪ್ಪಳ ಕಿಟಕಿಯವರೆಗೆ ಕೇಳಿಸಿತು.

ಸಾಹೇಬರು ಫೋನು ನೋಡಿದರು, ಸೀತವ್ವನ ಬಾಯಿ ನೋಡಿದರು. "ನೀವು ಅತ್ತೀರೇನ್ರಿ?"

"ಹೌದಪಾ," ಎಂದಳು ಸೀತವ್ವ ಬಾಯಿ ತುಂಬಿಕೊಂಡು. "ಇವಂಗೇನ ಬುದ್ಧಿ ಐತೇನ? ನನ್ನ ಮಗಳನ್ನ ಕೊಟ್ಟ ಹಾಳಾದೆ."

"ನಿಮಗ ಕೆಳಗಿನ ಹಲ್ಲ ಇನ್ನೂ ಬಂದಿಲ್ಲಂತ ಇಲ್ಲಿ ಐತ್ರಿ."

"ಯಾರಂದಾರ ಬಂದಿಲ್ಲಂತ? ಗೌರವ್ವನ ತಮ್ಮ ಹುಟ್ಟೂದಕಿಂತ ಮೊದಲ ಬಂದಾವ," ಎಂದು ಬಾಯಿ ಪೂರಾ ತೆರೆದು ತೋರಿಸಿದಳು. ಹಲ್ಲಿನ ಅಭಿಮಾನದ ಮುಂದೆ ಮಲ್ಲೇಶನ ನೌಕರಿ ಯಾವ ಲೆಕ್ಕ?

"ಗೌರವ್ವ ನೀವಲ್ಲೇನ್ರಿ?"

ಸೀತವ್ವ ನನ್ನ ಕಡೆ ನೋಡಿದಳು. ನಾನು ಚಾಳೀಸು ತೆಗೆದು ಒರೆಸತೊಡಗಿದೆ.

ಇಂಥ ಹೊತ್ತಿನಲ್ಲೇ ಶೋಭಾ ತಟ್ಟೆಯನ್ನು ನನ್ನ ಮುಂದೆ ಹಿಡಿದು, "ಅವ್ವಾ, ನಿನಗ ಸಣ್ಣ ತುಂಡ ಕೊಡಲೇನ?" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಮಾಮಾ, ಸಾಹೇಬ್ರಿಗೆ ನೀರ ತರ್ರಿ," ಎಂದಳು.

ಸಾಹೇಬರು ಕುರ್ಚಿಯಲ್ಲಿ ಮುಂದೆ ಸರಿದರು. "ಯವ್ವಾ, ಇವರ ನಿಮ್ಮ ತಾಯೀನ? ಹಂಗಾರ ಅತ್ತಿ ಇವರ ಆಗಬೇಕಲ್ಲ? ಮತ್ತ ಗಂಡಗ ಮಾಮಾ ಅಂತೀರಲ್ಲ?"

ಮಲ್ಲೇಶ ನೀರಿನ ತಂಬಿಗೆ ಹಿಡಿದುಕೊಂಡೇ ಬಿಡಿಸಿ ಹೇಳಲು ನಿಂತ. ಅವನು ಬಿಡಿಸಿ ಹೇಳಿದ್ದು ಇವತ್ತಿಗೂ ನಮ್ಮ ಓಣಿಯ ಮಕ್ಕಳಿಗೆ ಬಾಯಿಪಾಠ.

"ಹಂಗಲ್ರಿ ಸಾಹೇಬ್ರ. ಈಕಿ ನನ್ನ ಹೆಂಡ್ತಿ. ಈಕಿ ಅವ್ವ ನಮ್ಮ ಅಕ್ಕ. ನಮ್ಮ ಅತ್ತಿ ಆ ಕಡೆ ಕುಂತಾಕಿ, ಆದ್ರ ಅಕಿ ಈಕಿ ಅವ್ವ ಅಲ್ಲ. ನಮ್ಮವ್ವ ಈ ಕಡೆ ಕುಂತಾಕಿ, ಅಕಿ ನಮ್ಮಕ್ಕನ ಅವ್ವ ಅಲ್ಲ. ನಮ್ಮಕ್ಕನ ಅವ್ವ ನಮ್ಮವ್ವನ ಖರೆ, ಆದ್ರ ಅಕಿ ತೀರಕೊಂಡಾಳ, ಇಲ್ಲೇ ಕುಂತಾಳ."

ಮೈಮುನಾಬಿ ಇಷ್ಟು ಹೊತ್ತು ತಡೆದಿದ್ದಳು. ತೀರಿಕೊಂಡವಳು ಎಂದ ಮೇಲೆ ತಡೆಯಲಿಲ್ಲ. "ಯಾರ್ನೋ ತೀರಸ್ತೀ? ನಾ ಇನ್ನೂ ಗಟ್ಟಿ ಅದೀನಿ. ಸಾಹೇಬ್ರ, ನನ್ನ ಹೆಸರ ಮೈಮುನಾಬಿ. ನನ್ನ ಮಾತ ಕಮ್ಮಿ ಅಂದಾನ, ಕೇಳ್ರಿ ಬೇಕಾದ್ರ ಊರಾಗ," ಎಂದು ಸೆರಗು ಹಿಂದೆ ಒಗೆದು ಎದ್ದು ನಿಂತಳು.

ಸಾಹೇಬರ ಮುಖ ಕೆಂಪಾಯಿತು. "ಅಂದ್ರ ಎಲ್ಲಾ ಮೋಸ. ನಾ ಇದನ್ನ ಬರದ ಕಳಸ್ತೀನಿ. ಮಲ್ಲೇಶ ಅವರ, ನಾಳಿಂದ ನೀವು ಬರೂದ ಬ್ಯಾಡ್ರಿ."

ಮಲ್ಲೇಶನ ಕೈಯಿಂದ ತಂಬಿಗೆ ಬಿತ್ತು. ಶೋಭಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಿಟಕಿಯ ತಲೆಗಳು ಇನ್ನೊಂದು ಗೇಣು ಒಳಗೆ ಬಂದವು. ಇಲ್ಲಿಯ ತನಕ ನನಗೆ ಬಹಳ ಮಜಾ ಬಂದಿತ್ತು. ಈಗ ಸಾಕು ಅನ್ನಿಸಿತು. ನಾನು ಬಾಯಲ್ಲಿ ಕೈ ಹಾಕಿ ಮೇಲಿನ ಹಲ್ಲು ತೆಗೆದೆ. ಸೆರಗಿನಿಂದ ಒರೆಸಿ ಕರದಂಟಿನ ತಟ್ಟೆಯಲ್ಲಿ ಸಾಹೇಬರ ಮುಂದೆ ಇಟ್ಟೆ.

"ತಗೋರಿ," ಎಂದೆ. ಹಲ್ಲಿಲ್ಲದೆ ಮಾತು ಅರ್ಧ ಗಾಳಿ, ಆದರೂ ತಿಳಿಯಿತು. "ಈ ಇಬ್ಬರ ಬಾಯಾಗೂ ಇಟ್ಟ ನೋಡ್ರಿ. ಇಬ್ಬರಿಗೂ ಕೂಡಾಂಗಿಲ್ಲ. ಇವು ನನ್ನೂ. ಇವನ ಅವ್ವ ನಾನ, ಆಡಿನ ಹಾಲ ಹಾಕಿ ಸಾಕೀನಿ. ಇವನ ಅಕ್ಕ ನಾನ, ಒಂದ ಹೊಟ್ಟಿಯಾಗ ಹುಟ್ಟೇವಿ. ಇವನ ಅತ್ತಿ ನಾನ, ಇಕಾ ಅಲ್ಲಿ ನಿಂತಾಳ ನನ್ನ ಮಗಳು. ಮೂರೂ ಖರೆ ಅದಾವ. ಖರೇನ ಮೂರ ಕಡೆ ಬರದಾನ. ಮೋಸ ಎಲ್ಲಿ ಐತಿ ತೋರಸ್ರಿ."

ಸಾಹೇಬರು ತಟ್ಟೆಯಲ್ಲಿದ್ದ ಹಲ್ಲನ್ನು ನೋಡುತ್ತ ಕೂತರು. ಅವು ಕರದಂಟಿನ ನಡುವೆ ನಗುತ್ತಿದ್ದವು. ಆಮೇಲೆ ಸಾಹೇಬರು ಕಿಟಕಿಯ ಮಂದಿಗೆ ಹೋಗಲು ಹೇಳಿದರು. ಯಾರೂ ಹೋಗಲಿಲ್ಲ. ಅವರೇ ಕುರ್ಚಿ ಬಿಟ್ಟು ಇಳಿದು ನನ್ನ ಚಾಪೆಯ ತುದಿಗೆ ಬಂದು ಕೂತರು. ಧ್ವನಿ ಸಣ್ಣದಾಯಿತು.

"ಅವ್ವಾರ, ನಮ್ಮನ್ಯಾಗೂ ಹಿಂಗ ಐತ್ರಿ."

"ಏನ ಐತಿ?"

"ನಾನೂ ಅಕ್ಕನ ಮಗಳ್ನ ಮಾಡಕೊಂಡೀನಿ. ಅಕ್ಕನ ನನ್ನ ಜ್ವಾಪಾನ ಮಾಡಿದಾಕಿ. ಕಂಪ್ಯೂಟರ್‌ನ್ಯಾಗ ಒಂದ ಸಂಬಂಧ ಬರೀಬೇಕಂತ ನಾ ಅಕೀನ್ನ ಅತ್ತಿ ಅಂತ ಬರದೆ. ಕಾರ್ಡ ಮನೀಗೆ ಬಂತು. ಅಕಿ ಯಾರ ಕಡಿಂದೋ ಓದಿಸಿದ್ಲು. ಆವತ್ತಿಂದ ನನ್ನ ಜೋಡಿ ಮಾತ ಬಿಟ್ಟಾಳ. ಊಟಕ್ಕ ನೀಡ್ತಾಳ, ಆದ್ರ ಸಾರ ಬೇಕೇನಂತ ಗ್ವಾಡೀಗೆ ಕೇಳ್ತಾಳ್ರಿ."

"ಗ್ವಾಡಿ ಏನಂತೈತಿ?" ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ಬಾಯಿಗೆ ಬಂತು.

"ನಾನ ಗ್ವಾಡಿ ಕಡೆ ಮಾರಿ ಮಾಡಿ ಬೇಕಂತ ಹೇಳ್ತೀನ್ರಿ."

ಸೀತವ್ವ ಕರದಂಟು ಅಗಿಯುವುದು ನಿಲ್ಲಿಸಿದಳು. ಮೈಮುನಾಬಿ ಮತ್ತೆ ಕೂತಳು. ಇಷ್ಟು ದೊಡ್ಡ ಸಾಹೇಬ ಗೋಡೆಗೆ ಮುಖ ಮಾಡಿ ಸಾರು ಕೇಳುತ್ತಾನೆ ಎಂದರೆ ಯಾರಿಗೆ ತಾನೆ ಸಂಕಟ ಆಗುವುದಿಲ್ಲ.

"ಆದ್ರೂ ರೂಲ ರೂಲ ಐತ್ರಿ," ಎಂದರು ಸಾಹೇಬರು. "ಒಂದ ಜೀವಕ್ಕ ಒಂದ ಸಂಬಂಧ. ಎರಡ ಕಾರ್ಡ ತಗದ ಹಾಕ್ತೀನಿ. ತಿಳೀದ ಮಾಡ್ಯಾನಂತ ಬರೀತೀನಿ, ನೌಕರಿ ಹೋಗಾಂಗಿಲ್ಲ. ಉಳಿದ ಕಾರ್ಡಿನ್ಯಾಗ ಹೊಸ ವರ್ಷ ಹತ್ತಿದ ಮ್ಯಾಲ ಕೆಳಗಿನ ಹಲ್ಲೂ ಆಗತಾವ. ಆದ್ರ ಯಾವ ಸಂಬಂಧ ಇಟ್ಟಕೋಬೇಕು ಅನ್ನೂದನ್ನ ನೀವ ಹೇಳ್ರಿ. ಮಲ್ಲೇಶ ಅವರ ಹೇಳಾಂಗಿಲ್ಲ. ಅವರ ಹೇಳಿದ್ರ ಮತ್ತ ಹೌದ್ರಿ ಅಂತಾರ."

ನೋ‌ಡಿ ಈಗ ನನ್ನ ಪಾಡು. ಮಲ್ಲೇಶ ಎದುರಿಗೆ ಕೂತು ಹಸುಗೂಸಿನ ಹಾಗೆ ನನ್ನ ಬಾಯಿ ನೋಡುತ್ತಿದ್ದಾನೆ. ಅವನಿಗೆ ತಾಯಿ ಎಂದರೆ ನಾನೇ, ಬೇರೆ ಮುಖ ಅವನಿಗೆ ಗೊತ್ತಿಲ್ಲ. ಬಾಗಿಲಲ್ಲಿ ಶೋಭಾ ನಿಂತಿದ್ದಾಳೆ. ನಾನು ಅವನ ತಾಯಿ ಎಂದು ಬರೆಸಿದರೆ, ಅವಳನ್ನು ಹೆತ್ತದ್ದಕ್ಕೆ ಎಲ್ಲಿ ಲೆಕ್ಕ? ಅವಳ ಕಣ್ಣು ಅತ್ತೆ ಎನ್ನು, ಅತ್ತೆ ಎನ್ನು ಎಂದು ಹೇಳುತ್ತಿತ್ತು. ಇನ್ನು ನಮ್ಮವ್ವ, ತೀರಿಕೊಂಡವಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವರು ನಾವಿಬ್ಬರೇ. ಅಕ್ಕ ಎಂಬುದನ್ನು ಅಳಿಸಿದರೆ ಅವಳ ಹೆಸರು ಹೇಳುವ ಎಳೆಯೇ ಹೋಯಿತು.

"ಅಕ್ಕ ಅನ್ನು," ಎಂದಳು ಸೀತವ್ವ. "ಅತ್ತಿ ಅಂದ್ರ ಮಂದಿ ನಗ್ತಾರ."

"ಅವ್ವ ಅನ್ನು. ಅವ್ವಗ ಯಾರ ಏನ ಅಂತಾರ?" ಎಂದಳು ಮೈಮುನಾಬಿ.

"ಅಜ್ಜಿ, ಮೂರೂ ಬ್ಯಾಡ, ಓಣಿ ಮಂದಿ ಅಂತ ಬರಸು, ನಮಗೂ ಹಲ್ಲ ಸಿಗತಾವ," ಎಂದಿತು ಕಿಟಕಿಯ ಒಂದು ತಲೆ.

ನಾನು ಹಲ್ಲು ತಿರುಗಿ ಬಾಯಲ್ಲಿ ಇಟ್ಟುಕೊಂಡೆ. ಇಂಥ ಮಾತನ್ನು ಗಾಳಿಯಲ್ಲಿ ಹೇಳಬಾರದು, ಸರಿಯಾಗಿ ಹೇಳಬೇಕು. ಸಾಹೇಬರನ್ನು ಹತ್ತಿರ ಕರೆದು, ಅವರ ಕಿವಿಗೆ ಸೆರಗು ಮರೆ ಮಾಡಿ, ಒಂದೇ ಒಂದು ಮಾತು ಹೇಳಿದೆ. ಓಣಿಯ ಎಲ್ಲ ಕಿವಿಗಳೂ ನಮ್ಮ ಕಡೆ ಉದ್ದವಾದವು, ಯಾರಿಗೂ ಏನೂ ಸಿಗಲಿಲ್ಲ.

ಸಾಹೇಬರು ನನ್ನ ಮುಖವನ್ನೇ ನೋಡಿದರು. "ಖರೇನ್ರಿ ಅವ್ವಾರ?"

"ಬರಕೋ," ಎಂದೆ.

ಪಾಟಿಯಂಥ ಫೋನಿನ ಮೇಲೆ ಬೆರಳಾಡಿಸಿದರು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕರದಂಟು ಒಂದು ತುಂಡು ಬಾಯಿಗೆ ಹಾಕಿಕೊಂಡು ಹೋದರು. ಆ ತುಂಡು ಹಲ್ಲಿನ ಬಾಜೂ ಇದ್ದದ್ದು ಎಂದು ನಾನು ಹೇಳಲಿಲ್ಲ. ದೊಡ್ಡವರಿಗೆ ಎಲ್ಲವನ್ನೂ ಹೇಳಬಾರದು.

ಮಲ್ಲೇಶ ಮರುದಿನ ಎಂದಿನಂತೆ ಬಸ್ಸು ಹತ್ತಿದ. ಸರಿಯಾದ ಬಸ್ಸನ್ನೇ ಹತ್ತಿದ, ಅದೂ ಒಂದು ಸುದ್ದಿ. ಕೆಳಗಿನ ಹಲ್ಲು ಏಪ್ರಿಲ್‌ನಲ್ಲಿ ಬಂತು. ಎರಡು ಕಾರ್ಡುಗಳನ್ನು ಕಂಪನಿಯವರು ಬಂದು ತೆಗೆದುಕೊಂಡು ಹೋದರು. ಉಳಿದ ಒಂದನ್ನು ನಾನು ಯಾರಿಗೂ ತೋರಿಸಿಲ್ಲ, ನನ್ನ ಸಂಚಿಯಲ್ಲಿ ಎಲೆ ಅಡಿಕೆಯ ಕೆಳಗೆ ಇದೆ.

ಈಗ ನಮ್ಮ ಮನೆಯ ಸ್ಥಿತಿ ಕೇಳಿ. ಮಲ್ಲೇಶ ದಿನಾ ಕೆಲಸಕ್ಕೆ ಹೋಗುವಾಗ ನನ್ನ ಕಾಲು ಮುಟ್ಟುತ್ತಾನೆ. ಅವ್ವ ಎಂದೇ ಹೇಳಿದ್ದಾಳೆ ಎಂದು ಅವನಿಗೆ ಗ್ಯಾರಂಟಿ. ಶೋಭಾ ನನ್ನ ರೊಟ್ಟಿಗೆ ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕುತ್ತಾಳೆ. ಅತ್ತೆ ಎಂದಿರಬೇಕು ಎಂದು ಅವಳ ಮನಸ್ಸು. ಇಬ್ಬರೂ ಬೇರೆ ಬೇರೆಯಾಗಿ ಬಂದು, ಇನ್ನೊಬ್ಬರಿಗೆ ಗೊತ್ತಾಗದ ಹಾಗೆ, ನನ್ನ ಕೈ ಒತ್ತಿ ಹೋಗುತ್ತಾರೆ. ನಾನು ಇಬ್ಬರಿಗೂ ಗೋಣು ಹಾಕುತ್ತೇನೆ. ಸೀತವ್ವ ಮಾತ್ರ ಅಕ್ಕ ಎಂದೇ ಹೇಳಿದ್ದೀ ಎಂದು ಪಂದ್ಯ ಕಟ್ಟಿದ್ದಾಳೆ.

ಹೋದ ವಾರ ರಾಜಪ್ಪ ಸಾಹೇಬರ ಫೋನು ಬಂದಿತ್ತು. ತಮ್ಮ ಮನೆಯ ಕಾರ್ಡಿನಲ್ಲಿ ಅತ್ತೆ ಎಂಬುದನ್ನು ಅಳಿಸಿ, ನಾನು ಕಿವಿಯಲ್ಲಿ ಹೇಳಿದ ಮಾತನ್ನೇ ಬರೆಸಿದರಂತೆ. ಕಾರ್ಡು ಮನೆಗೆ ಬಂತಂತೆ. ಅವರ ಅಕ್ಕ ಓದಿಸಿ ಕೇಳಿದಳಂತೆ. ಆವತ್ತು ರಾತ್ರಿ ಊಟಕ್ಕೆ ನೀಡುವಾಗ ಗೋಡೆಯ ಕಡೆ ತಿರುಗಲಿಲ್ಲವಂತೆ, ಸೀದಾ ಅವರ ಮುಖ ನೋಡಿ, "ಸಾರ ಹಾಕಲೇನೋ ಹುಚ್ಚಪ್ಪಾ?" ಎಂದಳಂತೆ. ಸಾಹೇಬರು ಫೋನಿನಲ್ಲಿ ಅಳುತ್ತಿದ್ದರೋ ನಗುತ್ತಿದ್ದರೋ, ನನಗೆ ಗೊತ್ತಾಗಲಿಲ್ಲ.

ಇಷ್ಟೆಲ್ಲ ಹೇಳಿದ್ದೇನೆ. ನೀವು ನನಗಿಂತ ಹೆಚ್ಚು ಸಾಲಿ ಕಲಿತವರು. ಅವ್ವ, ಅಕ್ಕ, ಅತ್ತೆ, ಇರುವುದು ಮೂರೇ. ನಾನು ಅವರ ಕಿವಿಯಲ್ಲಿ ಏನು ಹೇಳಿರಬಹುದು? ಹೇಳಿ ನೋಡೋಣ. ಸೀತವ್ವನಿಗೆ ಕೇಳಿಸದ ಹಾಗೆ ಹೇಳಿ.